ಕ್ಯಾಮೆರಾ ಕಂಡಿತು, ಚಿತ್ರ ಎಲ್ಲಿ?

ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದ ಮೇಲ್ಮುಚ್ಚಳ ತೆರೆದುಕೊಳ್ಳುತ್ತದೆ. ಒಳಗಿನ ಗಾಜಿನ ಮೇಲೆ ಎಡಬಲ ಅದಲುಬದಲಾದ ಬೀದಿಯೊಂದು ಮಿನುಗುತ್ತದೆ, ಮೊಬೈಲು ಅದನ್ನು ಮೇಲಿನಿಂದ ಬಗ್ಗಿ ನೋಡುತ್ತದೆ. ಹಿನ್ನೆಲೆಯಲ್ಲಿ ನಿದ್ದೆ ಬರಿಸುವ ಪಿಯಾನೊ. ಧಪ್ಪೆಂದು ಶಟರ್ ಬೀಳುತ್ತದೆ. ಮೀಡಿಯಂ ಫಾರ್ಮ್ಯಾಟ್ ಫಿಲ್ಮಿನ ಬಗ್ಗೆ ಹವ್ಯಾಸಿಗಳು ಮಾಡುವ ವಿಡಿಯೊಗಳನ್ನು ನಾಲ್ಕಾರು ನೋಡಿದವರಿಗೆ ಈ ದೃಶ್ಯ ಬಾಯಿಪಾಠ. ಇಪ್ಪತ್ತು ನಿಮಿಷ ಕ್ಯಾಮೆರಾ, ಚೀಲ, ನಡಿಗೆ, ಕಾಫಿ ಎಲ್ಲ ತೋರಿಸಿ, ಕಡೆಗೆ ತೆಗೆದ ಚಿತ್ರಕ್ಕೆ ಕೊಡುವುದು ಮೂರು ನಾಲ್ಕು ಸೆಕೆಂಡು. ಆ ಹೊತ್ತಿನಲ್ಲೂ ಚಿತ್ರವನ್ನು ಸುಮ್ಮನೆ ನಿಲ್ಲಲು ಬಿಡದೆ ಮೆಲ್ಲಗೆ ಹಿಗ್ಗಿಸುತ್ತಿರುತ್ತಾರೆ.

ಇದು ಬರೀ ಶೈಲಿಯ ದೋಷವಾಗಿದ್ದರೆ ಕಣ್ಣುಮುಚ್ಚಿ ಬಿಡಬಹುದಿತ್ತು. ತೊಂದರೆ ಅದಕ್ಕಿಂತ ಆಳದ್ದು. ಕೊಡಕ್ ಕಂಪನಿ 1901ರಲ್ಲಿ ತನ್ನ ಬ್ರೌನಿ ಕ್ಯಾಮೆರಾಕ್ಕೆಂದು ತಂದ 120 ರೋಲು, ಅಂದರೆ ಈ ಮೀಡಿಯಂ ಫಾರ್ಮ್ಯಾಟಿನ ಫಿಲ್ಮು, ಇಂದಿಗೂ ಅದೇ ಅಗಲದಲ್ಲಿ, ಬೆನ್ನಿಗೆ ಕಾಗದ ಹೊತ್ತುಕೊಂಡೇ ಬರುತ್ತಿದೆ. 6x6 ಸೆಂ.ಮೀ. ಅಳತೆಯಲ್ಲಿ 12 ಚಿತ್ರ, 6x7ರಲ್ಲಿ 10. ಚೌಕದ ನೆಗೆಟಿವ್ 35 ಎಂಎಂ ನೆಗೆಟಿವಿಗಿಂತ ಮೂರೂವರೆ ಪಟ್ಟು ದೊಡ್ಡದು. ಆ ದೊಡ್ಡತನದ ಫಲ ಸಿಗುವುದು ಪ್ರಿಂಟಿನಲ್ಲಿ: ನೆರಳಿನಿಂದ ಬೆಳಕಿಗೆ ಏರುವ ಬೂದು ಬಣ್ಣದ ಮೆಟ್ಟಿಲುಗಳಲ್ಲಿ, ಗೋಡೆಯ ಗಾರೆಯಲ್ಲಿ, ಹತ್ತಿರ ಹೋದಷ್ಟೂ ಮುಗಿಯದ ವಿವರದಲ್ಲಿ. 16:9ರ ಪರದೆಯ ಮೇಲೆ ಚೌಕ ಚಿತ್ರಕ್ಕೆ ದಕ್ಕುವುದು ಅರ್ಧಕ್ಕಿಂತ ತುಸು ಹೆಚ್ಚು ಜಾಗ, ಉಳಿದದ್ದು ಕಪ್ಪು ಪಟ್ಟಿ. ಫಿಲ್ಮಿನ ಗ್ರೇನನ್ನು ವಿಡಿಯೊದ ಕಂಪ್ರೆಶನ್ ಅರೆದು ಹಾಕುತ್ತದೆ. ಮೊಬೈಲಿನಲ್ಲಿ ನೋಡುವವರಿಗಂತೂ 6x7ಕ್ಕೂ ಅದೇ ಮೊಬೈಲಿನ ಫೋಟೊಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಅಂದರೆ ಯಾವ ಕಾರಣಕ್ಕೆ ಎರಡೂವರೆ ಕೆಜಿ ಮೀರಿದ ಮಾಮಿಯಾ ಆರ್‌ಬಿ67ನ್ನು ಗುಡ್ಡ ಹತ್ತಿಸಿದರೋ, ಆ ಕಾರಣವೇ ವಿಡಿಯೊದಲ್ಲಿ ಕಾಣುವುದಿಲ್ಲ. ಕಾಣದ್ದನ್ನು ಕ್ಯಾಮೆರಾದ ಚೆಂದದಿಂದ ಮುಚ್ಚುತ್ತಾರೆ. ನೋಡಿದವನಿಗೆ ಚಿತ್ರ ತೆಗೆಯುವ ಆಸೆ ಹುಟ್ಟುವ ಮೊದಲು ಕ್ಯಾಮೆರಾ ಕೊಳ್ಳುವ ಆಸೆ ಹುಟ್ಟುತ್ತದೆ.

ಹಾಗಾದರೆ ಈ ವಿಡಿಯೊಗಳಿಂದ ಏನೂ ಸಿಗದೇ? ಸಿಗುತ್ತದೆ, ಬೇರೆ ಕಡೆ. ಇಂಥ ವಿಡಿಯೊ ಮಾಡುವ ಅಮೆರಿಕದ ನಿಕ್ ಕಾರ್ವರ್ 6x17ರ ಪನೋರಮಾ ಕ್ಯಾಮೆರಾ ಹೊತ್ತು ಮರುಭೂಮಿಗೆ ಹೋಗುತ್ತಾರೆ. ಆ ಅಳತೆಗೆ ಒಂದು ರೋಲಿನಲ್ಲಿ ಬರುವುದು 4 ಚಿತ್ರ ಮಾತ್ರ. ಆದ್ದರಿಂದ ಶಟರಿಗೆ ಮೊದಲಿನ ಯೋಚನೆಯೆಲ್ಲ ಅವರ ಬಾಯಲ್ಲಿ ಬರುತ್ತದೆ: ಬೆಳಕು ಅಳೆಯುವ ಸ್ಪಾಟ್ ಮೀಟರನ್ನು ಎಲ್ಲಿಗೆ ಹಿಡಿದೆ, ಆ ನೆರಳನ್ನು ಎಷ್ಟು ಕಪ್ಪಾಗಲು ಬಿಡುತ್ತೇನೆ, ಯಾಕೆ. ಮಾತು ಒಮ್ಮೊಮ್ಮೆ ಅತಿಯಾಗುತ್ತದೆ, ಸರಿ. ಆದರೆ ಫೋಟೊಗ್ರಾಫರನ ತಲೆಯೊಳಗೆ ನಡೆಯುವ ಲೆಕ್ಕವನ್ನು ನಡೆಯುವ ಹೊತ್ತಿಗೇ ಕೇಳಿಸುವುದು ಯಾವ ಪುಸ್ತಕಕ್ಕೂ ಸಾಧ್ಯವಾಗಿರಲಿಲ್ಲ. ಬ್ರಿಟನ್ನಿನ ಸ್ಟೀವ್ ಓನಿಯನ್ಸ್ ಅವರಿಗಿಂತ ತಣ್ಣಗಿನ ಮನುಷ್ಯ. ಮೋಡ ಕವಿದ ಬೆಟ್ಟದಲ್ಲಿ ಹಳೆಯ ಕ್ಯಾಮೆರಾದೊಂದಿಗೆ ಅಡ್ಡಾಡಿ, ಮನೆಯ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡುವವರು. ನನ್ನ ಒಲವು ಇವರ ಕಡೆಗೇ. ಇವರಲ್ಲಿ ಆರ್ಭಟವಿಲ್ಲ, ಮುಖ್ಯವಾಗಿ ಪ್ರಿಂಟಿದೆ.

ಮನೆಯಲ್ಲೇ ಫಿಲ್ಮು ತೊಳೆಯುವ ವಿಡಿಯೊಗಳು ಇನ್ನೊಂದು ಬಗೆ. ಕೈಕೆಲಸ ಕಲಿಸಲು ಇವಕ್ಕಿಂತ ಒಳ್ಳೆಯ ಮಾರ್ಗವಿಲ್ಲ. 120 ಫಿಲ್ಮು ಅಗಲ. ರೀಲಿಗೆ ಸುತ್ತುವಾಗ ಎಲ್ಲೋ ಮಡಿಚಿಕೊಂಡರೆ ನೆಗೆಟಿವಿನ ಮೇಲೆ ಅರ್ಧಚಂದ್ರದ ಗುರುತು ಕೂತುಬಿಡುತ್ತದೆ. ಕತ್ತಲಲ್ಲಿ ಮಾಡಬೇಕಾದ ಈ ಕೆಲಸವನ್ನು ಹಾಳು ರೋಲೊಂದರ ಮೇಲೆ ಬೆಳಕಿನಲ್ಲೇ ಮಾಡಿ ತೋರಿಸಿದರೆ ಅರ್ಧ ಭಯ ಹೋಗುತ್ತದೆ. ತೊಡಕು ಅಂದರೆ ಇವು ಬಹುಪಾಲು ತಂಪು ದೇಶಗಳ ಅಡುಗೆಮನೆಗಳಲ್ಲಿ ಹುಟ್ಟಿದವು. ಇಲ್‌ಫರ್ಡಿನ ಎಚ್‌ಪಿ5 ಫಿಲ್ಮಿಗೆ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಎಂದು ಹೇಳಿ ಮುಂದೆ ಹೋಗುತ್ತಾರೆ. ಏಪ್ರಿಲಿನ ಮಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ 20 ಡಿಗ್ರಿ ಎಲ್ಲಿಂದ ಬರಬೇಕು? ಬಿಸಿ ಏರಿದಂತೆ ಸಮಯ ಕಡಿಮೆ ಮಾಡುತ್ತಾ ಹೋಗಿ ಐದು ನಿಮಿಷದ ಕೆಳಗೆ ಇಳಿದರೆ ಫಿಲ್ಮು ಒಂದೇ ಸಮ ಬೇಯುವುದಿಲ್ಲ, ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಫಿಲ್ಮು ಸುತ್ತುವ ಕಪ್ಪು ಚೀಲದೊಳಗೆ ಬೆವರಿದ ಕೈ, ತೇವಕ್ಕೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ರೀಲು, ಮಳೆಗಾಲದಲ್ಲಿ ಲೆನ್ಸಿಗೆ ಹತ್ತುವ ಬೂಷ್ಟು ಇವು ಆ ವಿಡಿಯೊಗಳ ಲೋಕದಲ್ಲಿ ಇಲ್ಲವೆಂದೇ ಹೇಳಬೇಕು.

ನಮ್ಮಲ್ಲಿ ಈಗ ಫಿಲ್ಮು ಹಿಡಿದ ಹುಡುಗ ಹುಡುಗಿಯರು ಅದೇ ಮಾದರಿಯನ್ನು ಪಿಯಾನೊ ಸಮೇತ ಎತ್ತಿಕೊಳ್ಳುವುದು ಕಂಡರೆ ಸ್ವಲ್ಪ ಸಂಕಟವಾಗುತ್ತದೆ. ಮೀಡಿಯಂ ಫಾರ್ಮ್ಯಾಟ್ ನಮಗೆ ಹೊಸದಲ್ಲ. ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಹಳೆಯ ಆಲ್ಬಮ್ಮಿನ ಅಂಗೈಗಿಂತ ಚಿಕ್ಕ ಚೌಕ ಫೋಟೊಗಳು ಬಹುಪಾಲು 120 ರೋಲಿನ ಕಾಂಟ್ಯಾಕ್ಟ್ ಪ್ರಿಂಟುಗಳು, ಅಂದರೆ ನೆಗೆಟಿವಿನಷ್ಟೇ ಅಳತೆಯವು. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮು ಮಾಡುತ್ತಿತ್ತು. ಊರೂರಿನ ಸ್ಟುಡಿಯೊಗಳಲ್ಲಿ ಯಾಶಿಕಾದ ಜೋಡಿ ಕಣ್ಣಿನ ಕ್ಯಾಮೆರಾ ಮದುವೆ, ನಾಮಕರಣಗಳನ್ನೆಲ್ಲ ನೋಡಿದೆ. ಅಲ್ಲಿ ರೀಟಚಿಂಗ್ ಎಂಬ ಕಸುಬೊಂದಿತ್ತು: ನೆಗೆಟಿವನ್ನು ಓರೆ ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪಾದ ಪೆನ್ಸಿಲಿನಿಂದ ಮದುಮಗಳ ಕಣ್ಣ ಕೆಳಗಿನ ಕಪ್ಪನ್ನು ತೆಗೆಯುವುದು. ನೆಗೆಟಿವಿನಲ್ಲಿ ಗೀಟು ಸೇರಿಸಿದರೆ ಪ್ರಿಂಟಿನಲ್ಲಿ ಅಲ್ಲಿ ಬೆಳ್ಳಗಾಗುತ್ತದೆ, ಲೆಕ್ಕವೆಲ್ಲ ಉಲ್ಟಾ. 35 ಎಂಎಂನ ಕಿರಿದಾದ ಮುಖದ ಮೇಲೆ ಈ ಕೆಲಸ ಬಲು ಕಷ್ಟ, 120ರಲ್ಲಿ ಕೈ ಆಡಿಸಲು ಜಾಗವಿತ್ತು.

ಈ ಕಸುಬು ವಿಡಿಯೊಕ್ಕೆಂದೇ ಹೇಳಿ ಮಾಡಿಸಿದ ವಸ್ತು. ಆ ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೆಲವರ ಪೆಟ್ಟಿಗೆಯಲ್ಲಿ ಪೆನ್ಸಿಲೂ ಇರಬಹುದು. ಮೊಬೈಲು ಹಿಡಿದು ಅವರ ಎದುರು ಕೂರುವವರು ಕ್ಯಾಮೆರಾ ಯಾವುದಿತ್ತು ಎಂದು ಆಮೇಲೆ ಕೇಳಿದರೂ ನಡೆದೀತು. ಮೊದಲು ಕೇಳಲಿ: ಬೇಸಿಗೆಯಲ್ಲಿ ಡೆವಲಪರನ್ನು ಹೇಗೆ ತಣ್ಣಗಿಡುತ್ತಿದ್ರಿ ಯಜಮಾನ್ರೇ?