ಕಳ್ಳಬಸಿರು ಮತ್ತು ದೊಡ್ಡಮನೆಯ ಕತ್ತಲು

ಬನಶಂಕರಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಮೇಡಂ. ಹೋದ ವರ್ಷ ಅನಂತಮೂರ್ತಿಯವರ 'ಘಟಶ್ರಾದ್ಧ'ದ ಬಗ್ಗೆ ಮಾತಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ಇದು ಪೂರ್ತಿ ದೆವ್ವದ ಕಥೆ ಇದ್ದಂಗೇ ಇದೆ, ಆದ್ರೆ ದೆವ್ವ ಮಾತ್ರ ಬರಲ್ಲ" ಅಂದಳು. ಕ್ಲಾಸು ನಕ್ಕಿತು, ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಒಂಟಿ ಮನೆ, ಸುತ್ತ ಕಾಡು, ರಾತ್ರಿ, ಹಾವಿನ ಹುತ್ತ, ಬಸಿರಾದ ಒಬ್ಬ ವಿಧವೆ, ಎಲ್ಲವನ್ನೂ ನೋಡುತ್ತ ಹೆದರುವ ಒಬ್ಬ ಹುಡುಗ. ಇಂಗ್ಲಿಷಿನವರು ಗಾಥಿಕ್ ಎಂದು ಕರೆಯುವ ಕಥೆಗೆ ಬೇಕಾದ ಸಾಮಾನೆಲ್ಲ ಅಲ್ಲಿದೆ.

ಈ ಗಾಥಿಕ್ ಕಾದಂಬರಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1764ರಲ್ಲಿ, ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಮೂಲಕ. ಅಂದಿನಿಂದ ಅದರ ಒಡಲಲ್ಲಿ ಒಂದು ದೊಡ್ಡ ಮನೆ, ಆ ಮನೆಯ ವಾರಸುದಾರಿಕೆಯ ಆತಂಕ. ಯಾರ ಮಗ, ಯಾರ ರಕ್ತ, ಆಸ್ತಿ ಯಾರಿಗೆ? ಮದುವೆಯಾಗದೆ ಹೆತ್ತ ಹೆಣ್ಣು ಆ ಮನೆಯ ಕೋಣೆಯೊಂದರಲ್ಲಿ ಬಂದಿಯಾಗುವುದು ಈ ಆತಂಕದ ಕಾರಣಕ್ಕೇ. ಇದು ಬರೀ ಕಥೆಯಲ್ಲ. ಐರ್ಲೆಂಡಿನ ಟ್ಯೂಮ್ ಎಂಬ ಊರಿನಲ್ಲಿ 1925ರಿಂದ 1961ರವರೆಗೆ ಕ್ರೈಸ್ತ ಸಂನ್ಯಾಸಿನಿಯರು ನಡೆಸಿದ ತಾಯಿ–ಮಕ್ಕಳ ಆಶ್ರಮವೊಂದಿತ್ತು. ಮದುವೆಯಾಗದ ತಾಯಂದಿರನ್ನು ಅಲ್ಲಿ ಇಡುತ್ತಿದ್ದರು. ಅಲ್ಲಿ ಸತ್ತ 796 ಮಕ್ಕಳ ದಾಖಲೆಯನ್ನು ಕ್ಯಾಥರಿನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಗಾರ್ತಿ ಹುಡುಕಿ ತೆಗೆದದ್ದು 2014ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಕ್ಲೇರ್ ಕೀಗನ್‌ರಂಥ ಲೇಖಕಿಯರು ಈ ಚರಿತ್ರೆಯನ್ನು ಕಾದಂಬರಿಯಾಗಿಸಿದ್ದಾರೆ. ಅಲ್ಲಿ ಕಟ್ಟಡವೇ ಭೂತ.

ನಮ್ಮಲ್ಲಿ ಇದಕ್ಕೊಂದು ಮಾತಿದೆ, ಕಳ್ಳಬಸಿರು. ಈ ಮಾತನ್ನು ನಾವು ಅಷ್ಟು ಸುಲಭವಾಗಿ ಬಳಸುತ್ತೇವಲ್ಲ, ಇಲ್ಲಿ ಕಳ್ಳತನವಾದದ್ದು ಏನು, ಯಾರ ಮನೆಯಿಂದ ಎಂದು ಕೇಳಿಕೊಳ್ಳಬೇಕು.

'ಘಟಶ್ರಾದ್ಧ'ದ ಯಮುನಾ ಬದುಕಿರುವಾಗಲೇ ಅವಳ ಅಪ್ಪ ಶೇಷಗಿರಿ ಉಡುಪರು ಅವಳ ಶ್ರಾದ್ಧ ಮಾಡುತ್ತಾರೆ. ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಇದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. 2024ರಲ್ಲಿ ಅದರ ಪ್ರಿಂಟನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಪುರೋಹಿತಶಾಹಿಯ ಕ್ರೌರ್ಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಕೃತಿ ಕನ್ನಡದಲ್ಲಿ ಕಡಿಮೆ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಬದುಕಿದ್ದವಳನ್ನು ದೆವ್ವ ಮಾಡುವ ಶಾಸ್ತ್ರ ಅದು. ಬೇರೆ ದೆವ್ವ ಯಾಕೆ ಬೇಕು? ಆದರೂ ಓದುತ್ತಾ ಹೋದಂತೆ ನನಗೊಂದು ಕಿರಿಕಿರಿ. ಆ ಲೋಕದಲ್ಲಿ ಅಗ್ರಹಾರದ ಆಚೆಗಿನವರು ಬರುವುದು ಕತ್ತಲಿನ ಒಂದು ಭಾಗವಾಗಿ. ಕಾಡು, ಹುತ್ತ, ರಾತ್ರಿ, ಇವುಗಳ ಸಾಲಿನಲ್ಲಿ ಅವರೂ. ಆ ಹುಡುಗನ ಹೆದರಿಕೆಗೆ ನಾವೂ ಒಂದು ಸಾಮಗ್ರಿ. ನಮಗೆ ಹೆದರಿಕೆಯಾಗುವುದನ್ನು ಕೇಳುವವರು ಆ ಕಥೆಯಲ್ಲಿಲ್ಲ.

ಈ ಹೆದರಿಕೆ ಎಷ್ಟು ಹಳೆಯದು? ಮನುಸ್ಮೃತಿಯ 10ನೇ ಅಧ್ಯಾಯ ನೋಡಿ. ಬ್ರಾಹ್ಮಣ ಹೆಣ್ಣಿಗೆ ಶೂದ್ರ ಗಂಡಿನಿಂದ ಹುಟ್ಟಿದವನೇ ಚಂಡಾಲ ಎನ್ನುತ್ತದೆ ಅದು. ಅಂದರೆ ಮನುವಿನ ಪ್ರಕಾರ ನಮ್ಮ ಜನಾಂಗದ ಮೂಲವೇ ಒಂದು ಕಳ್ಳಬಸಿರು. ದೊಡ್ಡಮನೆಯ ಬೀಗ ಹಾಕಿದ ಕೋಣೆಯಲ್ಲಿ ಹುಟ್ಟಿ, ಹೊರಗೆಸೆಯಲ್ಪಟ್ಟ ಕೂಸು ನಾವು! ಅಂಬೇಡ್ಕರ್ 'ರಿಡಲ್ಸ್ ಇನ್ ಹಿಂದೂಯಿಸಂ'ನಲ್ಲಿ ಈ ಸಂಕರ ಸಿದ್ಧಾಂತವನ್ನು ಮನುವಿನ ಹುಚ್ಚು ಎಂದೇ ಕರೆದು ಬಿಡಿಸಿಡುತ್ತಾರೆ. ಇಷ್ಟು ದೊಡ್ಡ ಜನಸಮುದಾಯಗಳೆಲ್ಲ ಇಂಥ ಕೂಡಿಕೆಗಳಿಂದಲೇ ಹುಟ್ಟಿದವೆಂದರೆ ಆ ಕಾಲದ ಹೆಣ್ಣುಮಕ್ಕಳ ಬಗ್ಗೆ ಮನು ಏನು ಹೇಳಿದಂತಾಯಿತು ಎಂಬುದು ಅವರ ವಾದದ ತಿರುಳು. ನಮ್ಮ ವಿಮರ್ಶಕರು ಇದನ್ನು ಸಮಾಜಶಾಸ್ತ್ರದ ಮಾತೆಂದು ಪಕ್ಕಕ್ಕಿಟ್ಟರು. ನನಗಿದು ಒಂದು ಕಥಾಪ್ರಕಾರದ ವಿಮರ್ಶೆಯಾಗಿಯೂ ಕಾಣುತ್ತದೆ.

ಯಾಕೆಂದರೆ ದೊಡ್ಡಮನೆ ಹೆದರುವುದು ಒಂದೇ ದಿಕ್ಕಿನಿಂದ. ದೊಡ್ಡಮನೆಯ ಗಂಡಸಿನಿಂದ ಕೇರಿಯ ಹೆಣ್ಣು ಹೆತ್ತ ಮಗು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ಅದಕ್ಕೆ ಕೋಣೆ ಬೇಕಾಗಲಿಲ್ಲ, ಬೀಗ ಬೇಕಾಗಲಿಲ್ಲ, ಶ್ರಾದ್ಧವೂ ಬೇಕಾಗಲಿಲ್ಲ. ಅದು ಹಾಡಹಗಲಿನ ವಿಷಯ. ಹಗಲಿನ ವಿಷಯಕ್ಕೆ ಗಾಥಿಕ್ ಎಲ್ಲಿಂದ ಬಂದೀತು?

ನನ್ನ ಅಜ್ಜಿ ಬಳ್ಳಾರಿ ಸೀಮೆಯವಳು, ಬಸವಿ ಬಿಟ್ಟವಳು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರ ಹೆಸರಿಗೆ ಬಿಟ್ಟು, ಅವಳನ್ನೇ ಮಗನಂತೆ ಮನೆಯಲ್ಲಿ ಉಳಿಸಿಕೊಳ್ಳುವ ಪದ್ಧತಿ ಅದು. ಅವಳ ಮಕ್ಕಳು ತಾಯಿಯ ತವರಿಗೇ ಸೇರುತ್ತಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ, ಅಷ್ಟರಲ್ಲಿ ಅಜ್ಜಿಗೆ ಮೂರು ಮಕ್ಕಳು. ಅಜ್ಜಿಯ ಬಸಿರು ಕಳ್ಳಬಸಿರಾಗಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಯಾರೂ ಅವಳನ್ನು ಕೋಣೆಯಲ್ಲಿ ಕೂಡಿಹಾಕಲಿಲ್ಲ. ಹೆರಿಗೆಯಾದ ಹದಿನೈದೇ ದಿನಕ್ಕೆ ಕಳೆ ತೆಗೆಯಲು ಕರೆದರು, ಹೋದಳು.

ಅಮ್ಮ ಬೆಂಗಳೂರಿಗೆ ಬಂದಿದ್ದು ಬಿಟಿಎಂ ಲೇಔಟಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು. ಆಮೇಲೆ ಜಯನಗರದಲ್ಲಿ ಮನೆಗೆಲಸ ಹಿಡಿದಳು. ಅಲ್ಲೊಂದು ಹಳೇ ಮನೆ, ಮುಂದೆ ಮಾವಿನ ಮರ, ಮಹಡಿಯ ಮೇಲೆ ಯಾವಾಗಲೂ ಬೀಗ ಹಾಕಿದ ಒಂದು ಕೋಣೆ. ನಾನು ಚಿಕ್ಕವಳಿದ್ದಾಗ ರಜದಲ್ಲಿ ಅಮ್ಮನ ಜೊತೆ ಹೋಗುತ್ತಿದ್ದೆ. ಆ ಮನೆಯ ಮಕ್ಕಳು ಅಲ್ಲಿ ಒಬ್ಬ ಹೆಂಗಸಿನ ದೆವ್ವ ಇದೆ ಎಂದು ನನ್ನನ್ನು ಹೆದರಿಸುತ್ತಿದ್ದರು. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವ ಮೊದಲು ಆ ಕೋಣೆ ಗುಡಿಸಿದ್ದು ಅಮ್ಮನೇ. ಏನಿತ್ತಮ್ಮಾ ಒಳಗೆ ಅಂತ ಕೇಳಿದೆ. "ಏನೂ ಇರ್ಲಿಲ್ಲ ಕಣೆ, ಎರಡು ಬುಟ್ಟಿ ಧೂಳಿತ್ತು" ಅಂದಳು.

ಪ್ರಗತಿಪರ ಮಿತ್ರರೊಬ್ಬರು, ದೆವ್ವದ ಸಾಹಿತ್ಯ ಮೌಢ್ಯದ ಸಾಹಿತ್ಯ, ದಲಿತ ವಿಮರ್ಶೆಗೆ ಅದರ ಉಸಾಬರಿ ಬೇಡ ಎಂದರು. ನಾನು ಒಪ್ಪಲಾರೆ. ದೆವ್ವವನ್ನು ನಂಬುವುದು ಬೇರೆ, ಒಂದು ಸಮಾಜ ಯಾವುದಕ್ಕೆ ಹೆದರುತ್ತದೆ ಎಂದು ಓದುವುದು ಬೇರೆ. 1990ರ ದಶಕದಲ್ಲಿ ಇದೇ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ಹಿರಿಯರು ಮರೆತಿರಲಾರರು. ರಾತ್ರಿ ಒಬ್ಬ ಹೆಂಗಸು ಬಾಗಿಲು ಬಡಿಯುತ್ತಾಳೆ, ಓಗೊಟ್ಟರೆ ಸತ್ತಂತೆ ಎಂಬ ಪುಕಾರು. ಬಾಗಿಲ ಹೊರಗೆ ನಿಂತ ಹೆಣ್ಣಿಗೆ ಇಷ್ಟೊಂದು ಹೆದರುವ ಜನ ಬಾಗಿಲ ಒಳಗೆ ಏನನ್ನು ಕಾಯುತ್ತಿದ್ದರು ಎಂದು ಕೇಳುವುದರಲ್ಲಿ ಮೌಢ್ಯವೇನಿದೆ?

ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ನನಗೆ ಮುಖ್ಯವಾಗುವುದು ಇಲ್ಲಿ. ಅಕ್ಕಮಾದೇವಮ್ಮ, ಯಾಡ, ಕುಸುಮ, ಹೀಗೆ ತಲೆಮಾರುಗಳುದ್ದಕ್ಕೂ ಸಾಗುವ ಒಂದು ಮನೆತನದ ಕಥೆ. ಕುಸುಮ ಹೆತ್ತ ಮಗು ಕೇರಿಯ ಚನ್ನನದು, ಚನ್ನ ಕೊಲೆಯಾಗುತ್ತಾನೆ. ಬೇರೆ ಯಾರಾದರೂ ಬರೆದಿದ್ದರೆ ಚನ್ನನ ಪ್ರೇತ ಆ ಮನೆಯ ಸುತ್ತ ಅಲೆಯಬೇಕಿತ್ತು. ಮಹಾದೇವ ಹಾಗೆ ಮಾಡುವುದಿಲ್ಲ. ರಾತ್ರಿಯಾದರೆ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. "ಜೋತಮ್ಮ ಅಂದ್ರೆ ದೆವ್ವನಾ ಮೇಡಂ?" ಎಂದು ಅದೇ ಹುಡುಗಿ ಕೇಳಿದಳು. ಅಲ್ಲಮ್ಮಾ, ಕೆಲಸ ಮುಗಿಸಿ ನಲ್ಲಿ ಹತ್ರ ಸೇರ್ತಾರಲ್ಲ, ಅಂಥ ಹೆಂಗಸರು ಅಂದೆ. ದೊಡ್ಡಮನೆಯ ಗುಟ್ಟು ಆ ಕಾದಂಬರಿಯಲ್ಲಿ ಗುಟ್ಟಾಗಿ ಉಳಿಯುವುದೇ ಇಲ್ಲ. ಕೆಲಸದವರಿಗೆ, ದೀಪಕ್ಕೆ, ಕತ್ತಲೆಗೆ ಎಲ್ಲ ಗೊತ್ತು. ಗೊತ್ತಿಲ್ಲದಂತೆ ನಟಿಸುವುದು ಮನೆಯ ಯಜಮಾನಿಕೆ ಮಾತ್ರ.

ಟೋನಿ ಮಾರಿಸನ್ 'ಬಿಲವೆಡ್'ನಲ್ಲಿ (1987) ಮಾಡಿದ್ದನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಗುಲಾಮರ ಮದುವೆಗೆ ಅಮೆರಿಕದ ಕಾನೂನಿನ ಮಾನ್ಯತೆ ಇರಲಿಲ್ಲ. ಕಾನೂನಿನ ಕಣ್ಣಲ್ಲಿ ಗುಲಾಮ ತಾಯಂದಿರೆಲ್ಲ ಮದುವೆಯಾಗದ ತಾಯಂದಿರೇ. ಅಂಥ ತಾಯಿಯ ಮನೆಯಲ್ಲಿ, ಒಡೆಯನ ಬಂಗಲೆಯಲ್ಲಲ್ಲ, ಕೂಸಿನ ಭೂತ ಬಂದು ಕೂರುತ್ತದೆ. ಭಯ ಮೊದಲ ಸಲ ಅದರ ನಿಜವಾದ ವಾರಸುದಾರರಿಗೆ ಸಿಕ್ಕಿತು.

ಆದರೆ ಒಂದು ಮಾತು ಹೇಳಲೇಬೇಕು, ಹಿರಿಯರು ತಪ್ಪು ತಿಳಿಯಬಾರದು. 'ಕುಸುಮಬಾಲೆ'ಯಲ್ಲೂ ಕಥೆಯನ್ನು ಎಬ್ಬಿಸುವ ಬಸಿರು ಮೇಲುಜಾತಿಯ ಹೆಣ್ಣಿನದು. ದಲಿತ ಗಂಡು ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿ ಸಾಯುವ ಕಥೆ ನಮ್ಮ ಚಳವಳಿಯ ಗಂಡಸರ ಎದೆಗೆ ಹತ್ತಿರವಾಯಿತು, ಅದರಲ್ಲಿ ಸುಳ್ಳೇನೂ ಇಲ್ಲ. ಅಜ್ಜಿಯಂಥವಳ ಬಸಿರು ಮಾತ್ರ ಜಾನಪದ ಅಧ್ಯಯನಕ್ಕೆ, ಇಲಾಖೆಯ ಸರ್ವೇಗೆ ಹೋಯಿತು. ಅವಳಿಗೆ ರಾತ್ರಿ ಹೆದರಿಕೆಯಾಗುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಆಗುತ್ತಿತ್ತು. ಹೊರಗೆ ಚಪ್ಪಲಿ ಸದ್ದಾದರೆ ಸಾಕು, ದೀಪ ಆರಿಸಿ ಮಕ್ಕಳ ಬಾಯಿ ಮುಚ್ಚುತ್ತಿದ್ದಳಂತೆ, ಅಮ್ಮ ಹೇಳುತ್ತಾಳೆ. ಒಂಟಿ ಬಂಗಲೆ ಅನ್ನುತ್ತಾರಲ್ಲ, ಊರಾಚೆ ಒಂಟಿಯಾಗಿದ್ದದ್ದು ಬಂಗಲೆಯಲ್ಲ, ಕೇರಿ.

2025ರಲ್ಲಿ ರಾಜ್ಯದ ವಿಧಾನಮಂಡಲ ದೇವದಾಸಿ ತಾಯಂದಿರ ಮಕ್ಕಳ ಹಕ್ಕಿಗಾಗಿ ಹೊಸ ಮಸೂದೆಯನ್ನು ಒಪ್ಪಿತು. ಅಪ್ಪನ ಹೆಸರು ಹೇಳಲೇಬೇಕೆಂಬ ಒತ್ತಾಯದಿಂದ ಆ ಮಕ್ಕಳನ್ನು ಬಿಡಿಸುವುದೂ ಅದರಲ್ಲಿದೆ. ಪೇಪರಿನಲ್ಲಿ ಓದಿ ಅಮ್ಮನಿಗೆ ಹೇಳಿದೆ. ಅವಳು ಟ್ರಂಕಿನಿಂದ ತನ್ನ ನಾಲ್ಕನೇ ಕ್ಲಾಸಿನ ಟಿ.ಸಿ. ತೆಗೆದು ತೋರಿಸಿದಳು. ತಂದೆಯ ಹೆಸರಿನ ಜಾಗದಲ್ಲಿ ಅಜ್ಜಿಯ ಅಪ್ಪನ ಹೆಸರೇ ಇದೆ. ಆ ಕಾಗದದ ಪ್ರಕಾರ ನನ್ನ ಅಮ್ಮ, ನನ್ನ ಅಜ್ಜಿ ಅಕ್ಕತಂಗಿಯರು.