ಮೂರು ಸಲ ಅಲುಗುವ ಚೆಂಡು

ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು, ಕಿವಿಗೆ ಹಿಡಿದು ಅದರ ಪರಪರ ಸದ್ದು ಕೇಳಿದವರಿಗೆ ಪೋಕೆಮಾನ್ ವಿಡಿಯೊ ಆಟದ ಪೋಕೆ ಬಾಲ್ ಏನೆಂದು ಹೆಚ್ಚು ಹೇಳಬೇಕಿಲ್ಲ. ಅರ್ಧ ಕೆಂಪು, ಅರ್ಧ ಬಿಳಿ, ನಡುವೆ ಒಂದು ಗುಂಡಿ. ಎಸೆದರೆ ಬೆಟ್ಟದಂಥ ಪ್ರಾಣಿಯೂ ಅದರೊಳಗೆ ಸೇರಿ ಜೇಬಿಗೆ ಬರುತ್ತದೆ. ಸರಪಳಿ ಬೇಡ, ಅಂಕುಶ ಬೇಡ. ಈ ಆಟದ ಹಿಂದಿರುವ ಸತೋಷಿ ತಾಜಿರಿ ಕೂಡ ಟೋಕಿಯೊ ಹೊರವಲಯದ ಮಚಿದಾದಲ್ಲಿ ಹುಳು ಹಿಡಿಯುತ್ತಲೇ ಬೆಳೆದವರು. ಆ ಕೆರೆ, ಗದ್ದೆಗಳ ಮೇಲೆ ಕಟ್ಟಡಗಳೆದ್ದವು. ಊರಿನ ಮಕ್ಕಳಿಗೆ ಆ ಹುಳುಬೇಟೆಯ ಸುಖ ಸಿಗಲೆಂದು ಅವರು ರೂಪಿಸಿದ ಪೋಕೆಮಾನ್, 1996ರ ಫೆಬ್ರವರಿಯಲ್ಲಿ ಗೇಮ್ ಬಾಯ್ ಎಂಬ ಕೈಯಾಟದ ಯಂತ್ರಕ್ಕೆ ಬಂತು.

ಆ ಮೊದಲ ಆಟದೊಳಗಿನ ಅಂಗಡಿಯಲ್ಲಿ ಸಾದಾ ಚೆಂಡಿಗೆ 200, ಗ್ರೇಟ್ ಬಾಲ್‌ಗೆ 600, ಅಲ್ಟ್ರಾ ಬಾಲ್‌ಗೆ 1,200. ಆದರೆ ದುಡ್ಡಿಗಿಂತ ಹದ ಮುಖ್ಯ. ಪ್ರಾಣಿಯನ್ನು ಮೊದಲು ದಣಿಸಬೇಕು. ನಿದ್ದೆ ಬರಿಸಿದರಂತೂ ಅರ್ಧ ಕೆಲಸ ಮುಗಿದಂತೆ. ಏಟು ಜೋರಾಗಿ ಮೂರ್ಛೆ ಹೋಯಿತೋ, ಬೇಟೆ ಕೈತಪ್ಪಿತು.

ಇನ್ನು ಚೆಂಡಿನ ಅಲುಗಾಟ. ನೆಲಕ್ಕೆ ಬಿದ್ದ ಚೆಂಡು ಒಂದು ಸಲ ಅಲುಗುತ್ತದೆ, ಎರಡು ಸಲ, ಮೂರು ಸಲ. ನಾವು ಉಸಿರು ಬಿಗಿಹಿಡಿದು ಯಂತ್ರದ ಗುಂಡಿ ಒತ್ತುತ್ತಲೇ ಇರುತ್ತೇವೆ, ಚೌಕಾಬಾರದಲ್ಲಿ ಗರ ಬೀಳಲೆಂದು ಕವಡೆ ಉಜ್ಜಿದ ಹಾಗೆ. ತಮಾಷೆಯೆಂದರೆ, ಆ ಮೊದಲ ಆಟದಲ್ಲಿ ಚೆಂಡು ಅಲುಗುವ ಮೊದಲೇ ತೀರ್ಪು ಆಗಿಹೋಗಿರುತ್ತದೆ. ಪ್ರಾಣಿ ತಪ್ಪಿಸಿಕೊಳ್ಳುವುದಾದರೆ ಚೆಂಡು ಎಷ್ಟು ಸಲ ಅಲುಗಬೇಕೆಂಬುದನ್ನು ಯಂತ್ರ ಆಮೇಲೆ ಲೆಕ್ಕ ಹಾಕುತ್ತದೆ. ಅಲುಗಾಟವೆಲ್ಲ ಬರೀ ನಾಟಕ. ನಮ್ಮ ಹೆಬ್ಬೆರಳಿನ ಹರಕೆ ಯಾರಿಗೂ ಮುಟ್ಟುವುದಿಲ್ಲ. ಗೊತ್ತಿದ್ದೂ ಒತ್ತುತ್ತೇವೆ.

ಹಾಗಾಗಿಯೇ ಎಲ್ಲರೂ ಕೊಂಡಾಡುವ ಮಾಸ್ಟರ್ ಬಾಲ್ ನನಗೆ ರುಚಿಸುವುದಿಲ್ಲ. ದುಡ್ಡಿಗೆ ಸಿಗದು, ಆಟದೊಳಗಿನ ಸಿಲ್ಫ್ ಕಂಪನಿಯನ್ನು ರಾಕೆಟ್ ಎಂಬ ದುಷ್ಟರ ತಂಡದ ಕೈಯಿಂದ ಬಿಡಿಸಿದವರಿಗೆ ಅದರ ಯಜಮಾನ ಕೊಡುವ ಉಡುಗೊರೆ, ಅದೂ ಒಂದೇ ಒಂದು. ಎಸೆದರೆ ತಪ್ಪುವ ಮಾತೇ ಇಲ್ಲ. ತಪ್ಪುವ ಭಯವೇ ಇಲ್ಲದ ಮೇಲೆ ಅದು ಬೇಟೆಯಲ್ಲ, ಬೀಗ.

ಸೆರುಲಿಯನ್ ಗುಹೆಯ ಕೊನೆಯಲ್ಲಿ ಕಾದಿರುವ ಮ್ಯೂಟೂ ಎಂಬ ಬಲಿಷ್ಠ ಪ್ರಾಣಿಗೆ ಅದನ್ನೇ ಎಸೆಯಿರಿ ಎಂದು ಬಲ್ಲವರು ಹೇಳುತ್ತಾರೆ. ಕೇಳಬೇಡಿ. ಒಂದು ಚೀಲ ಅಲ್ಟ್ರಾ ಬಾಲ್ ಕೊಂಡು, ಆಟವನ್ನು ಸೇವ್ ಮಾಡಿ, ಒಳಗೆ ಹೋಗಿ. ನನ್ನ ಮಾಸ್ಟರ್ ಬಾಲ್ ಇನ್ನೂ ಚೀಲದಲ್ಲೇ ಇದೆ.