ಧರ್ಮವಿದ್ಯೆಯ ಸೂಚೀಕೋಶ: ಒಂದು ವಿಮರ್ಶೆ

ವಿಶ್ವವಿದ್ಯಾಲಯಗಳಲ್ಲಿ ಧರ್ಮಾಧ್ಯಯನ ನಡೆಸುತ್ತಿರುವ ನಮ್ಮ ಮಠದ ಪೂರ್ವವಿದ್ಯಾರ್ಥಿಗಳಿಗೆ ‘ಅಟ್ಲಾ’ ಎಂಬ ಹೆಸರು ಅಪರಿಚಿತವೇನಲ್ಲ. ಅಮೆರಿಕದ ಕ್ರೈಸ್ತ ದೈವಶಾಸ್ತ್ರ ಗ್ರಂಥಾಲಯಗಳವರು 1946ರಲ್ಲಿ ಕಟ್ಟಿದ ಸಂಘವದು. ಧಾರ್ಮಿಕ ನಿಯತಕಾಲಿಕಗಳಲ್ಲಿ 1949ರಿಂದ ಬಂದ ಲೇಖನಗಳಿಗೆ ಅವರು ಮುದ್ರಿಸತೊಡಗಿದ ಸೂಚಿಯೇ ಬೆಳೆದು ಇಂದು ಅಂತರ್ಜಾಲದ ದತ್ತಕೋಶವಾಗಿದೆ. ಈ ಪರಿಶ್ರಮ ನಿಸ್ಸಂಶಯವಾಗಿ ಸ್ತುತ್ಯರ್ಹವಾದುದು.

ಆದರೆ ವಾಚಕರೇ, ಮನೆ ಕಟ್ಟಿದವರ ಅನುಕೂಲಕ್ಕೆ ತಕ್ಕಂತೆಯೇ ಬಾಗಿಲುಗಳಿರುತ್ತವೆ. ಬೈಬಲ್ಲಿನ ಅಧ್ಯಾಯ, ವಾಕ್ಯಗಳ ಸಂಖ್ಯೆ ಹಿಡಿದು ಹೋದರೆ ಆ ವಾಕ್ಯವನ್ನು ಕುರಿತ ಲೇಖನಗಳೆಲ್ಲ ಇಲ್ಲಿ ಸಾಲಾಗಿ ನಿಲ್ಲುತ್ತವೆ. ಉಪನಿಷತ್ತಿನ ಮಂತ್ರಕ್ಕಾಗಲಿ ಬಸವಣ್ಣನವರ ವಚನಕ್ಕಾಗಲಿ ಅಂಥ ದ್ವಾರವಿಲ್ಲ, ವಿಷಯಪದವನ್ನೇ ನಂಬಬೇಕು. ಆ ಪದವಾದರೂ ಸ್ಥಿರವೇ? ‘ವೀರಶೈವ’ ಎಂಬುದನ್ನು ರೋಮನ್ ಲಿಪಿಯಲ್ಲಿ ಒಬ್ಬರು ದೀರ್ಘಕ್ಕೆ ಎರಡು ಅಕ್ಷರವಿಟ್ಟು ಬರೆದರೆ, ಇನ್ನೊಬ್ಬರು ಒಂದೇ ಅಕ್ಷರದ ಮೇಲೆ ಗೆರೆಯೆಳೆದು ಬರೆಯುತ್ತಾರೆ; ಮತ್ತೊಬ್ಬರು ‘ಲಿಂಗಾಯತ’ ಎನ್ನುತ್ತಾರೆ. ಒಂದೇ ರೂಪದಿಂದ ಹುಡುಕಿದ ತರುಣನಿಗೆ ದೊರೆಯುವುದು ಶೂನ್ಯ (ಇದು ಅಲ್ಲಮಪ್ರಭುವಿನ ಶೂನ್ಯವಲ್ಲ!). ಯಾರೂ ಬರೆದೇ ಇಲ್ಲವೆಂದು ಆತನು ತನ್ನ ಮಹಾಪ್ರಬಂಧದಲ್ಲಿ ಸಾರಿಬಿಟ್ಟರೆ ಕನ್ನಡ ವಿದ್ವಾಂಸರ ದಶಕಗಳ ದುಡಿಮೆ ಅಳಿಸಿಹೋದಂತೆಯೇ ಸರಿ.

ಆದ್ದರಿಂದ ತಾವು ಎಲ್ಲ ರೂಪಗಳನ್ನೂ ಕೊಟ್ಟು ಹುಡುಕಬೇಕು. ನಮ್ಮ ಗ್ರಂಥಾಲಯಗಳ ಹಳೆಯ ಸಂಪುಟಗಳನ್ನೂ ತಿರುವಿಹಾಕಬೇಕು. ಅಟ್ಲಾ ದೊರೆಯುವುದು ಬಹುಮಟ್ಟಿಗೆ ಚಂದಾ ತೆತ್ತ ಸಂಸ್ಥೆಗಳ ಮೂಲಕ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗ್ರಂಥಾಲಯದ ‘ಇಂಡೆಕ್ಸ್ ಥಿಯೊಲಾಜಿಕಸ್’ ಮಾತ್ರ ಸರ್ವರಿಗೂ ಉಚಿತವಾಗಿ ತೆರೆದಿದೆ. ಆದರೆ ಅದು ಸೂಚಿಯೇ ಹೊರತು, ಅಲ್ಲಿ ಹೆಸರಿಸಿದ ಲೇಖನಗಳೆಲ್ಲ ಉಚಿತವಲ್ಲ.